ಸಂತೆಮಾಳದ ಗೋಣಿಮರ

ಆನಂದ ಸಂವತ್ಸರದ ಚೈತ್ರ, ಸಂತೆಯ ದಿನ. ಸಂತೆಬಾಚಹಳ್ಳಿಯ ಚಾವಡಿಯಲ್ಲಿ ಮೂಡುವ ಸೂರ್ಯನಿಗೆ ಕೈಮುಗಿದು ಕುಳಿತಿದ್ದ, ಊರುಕಾವಲಿನ ದಫೇದಾರ ಮಂಚಯ್ಯ. ಮಜ್ಜಿಗೆ ಮಾರುವ ಕುಳ್ಳಮ್ಮ ಏದುಸಿರು ಬಿಡುತ್ತ ಬಂದಳು.

"ಬುದ್ದೀ, ಸಂತೆಮಾಳದ ಗೋಣಿಮರದ ಕೊಂಬೆ ಕಡುದ್ಬುಟ್ಟವ್ರೆ. ನಮ್ಮನೆಯವ್ರು ಜಾಗ ಹಿಡಿಯಕ್ಕೆ ಅಂತ ಬುಡದಲ್ಲೇ ಮಲಗಿದ್ರು. ತೋಳು ಮುರುದೋಗದೆ."

"ಕಡ್ದೋನ್ನ ಕಂಡ್ರಾ?"

"ಓಡೋ ಬೆನ್ನು ಕಂಡ್ರಂತೆ. ಬೆನ್ನು ಎಲ್ಲಾರ್ದೂ ಒಂದೇ ತರ ಅಲ್ವಾ ಬುದ್ದೀ?"

ಶಾನುಭೋಗರಿಂದ ಫಿರ್ಯಾದು ಬರೆಸಿ, ಪ್ಯಾದೆ ಚಿಕ್ಕಸ್ವಾಮಿಯೊಡನೆ ಮಂಚಯ್ಯ ಸಂತೆಮಾಳಕ್ಕೆ ನಡೆದ. ಅರ್ಧ ಸಂತೆಗೆ ನೆರಳಾಗಿದ್ದ ಮರ. ದಾರಿಯ ಮೇಲಕ್ಕೆ ಚಾಚಿದ್ದ ಹಿರಿಯ ಕೊಂಬೆ ಈಗ ನೆಲದಲ್ಲಿ ಬಿದ್ದಿತ್ತು. ಪಟೇಲ ರಂಗಸ್ವಾಮಿಯ ಎದುರು ಮಹಜರು ಶುರುವಾಯಿತು.

ಕಡಿದವನು ಒಂದು ಚಕ್ಕೆಯನ್ನೂ ಒಯ್ದಿರಲಿಲ್ಲ. ಮೊದಲು ಅಡಿಯಿಂದ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿದಿದ್ದ. ಬುಡದ ತೊಗಟೆ ಸೀಳಿರಲಿಲ್ಲ. ಕಡಿದ ಬಾಯಿಗೆ ಇರುವೆ ಮುತ್ತಿದ್ದವು. ಮಂಚಯ್ಯ ಬೆರಳಿಂದ ಒರೆಸಿ ನಾಲಿಗೆಗೆ ಮುಟ್ಟಿಸಿದ. ಜೇನು, ತುಪ್ಪ. ಚಿಕ್ಕಸ್ವಾಮಿಯೂ ಬೆರಳು ಚಾಚಿದ.

"ಲೇ, ಮಹಜರು ಮುಗಿಯೋಗಂಟ ಸಾಕ್ಷಿ ನೆಕ್ಕಬ್ಯಾಡ ಕಣ್ಲಾ!"

"ಮರ ಗಟ್ಟಿಯಾಗೇ ಇತ್ತು ಸ್ವಾಮಿ," ಎಂದ ಪಟೇಲ.

ಮಂಚಯ್ಯ ಕೊಂಬೆಯ ಟೊಳ್ಳಿನೊಳಕ್ಕೆ ಕೈಯಿಟ್ಟು ಬೊಗಸೆ ತುಂಬ ಹುಡಿ ತೆಗೆದ. "ಅಂಗಾದ್ರೆ ಇದೇನು ಪಟೇಲ್ರೇ, ರಾಗಿ ಹಿಟ್ಟಾ?"

ಮಂಚಯ್ಯನಿಗೆ ದಾರಿ ತಿಳಿದಿತ್ತು. ಮರಕ್ಕೆ ನೋವಾಗದಿರಲೆಂದು ಕೊಡಲಿಯ ಬಾಯಿಗೆ ಜೇನು, ತುಪ್ಪ ಸವರಿ, ಕೈಮುಗಿದು ಕಡಿಯುವವನು ಮರಗಳ್ಳನಲ್ಲ, ಆಚಾರಿ. ಆ ಊರಿಗೆ ಇದ್ದದ್ದು ಒಂದೇ ಬಡಗಿ ಮನೆ.

ಲಕ್ಷ್ಮಣಾಚಾರಿ ಜಗಲಿಯಲ್ಲಿ ನೇಗಿಲು ಕೆತ್ತುತ್ತಿದ್ದ.

"ಆಚಾರ್ರೇ, ಬೆಳಗಿನ ಜಾವ ಎಲ್ಲಿದ್ರಿ?"

"ಮರದ ಮ್ಯಾಲೆ."

"ಯಾರ ಅಪ್ಪಣೆ?"

"ಮರವ ಕೇಳ್ದೆ. ಊರ್ನ ಮಾಘದಿಂದ ಕೇಳ್ತಾವ್ನಿ. ತಾಯಿ ಮರ, ಮುಟ್ಟಬ್ಯಾಡ ಅಂದ್ರು."

"ಕೆಳಗೆ ಕುಳ್ಳಮ್ಮನ ಗಂಡ ಚಿಕ್ಕಮಾದಯ್ಯ ಮಲಗಿದ್ನಲ್ಲ?"

ಆಚಾರಿಯ ಕೈಯಿಂದ ಉಳಿ ಜಾರಿತು. "ಅಯ್ಯೋ ಶಿವನೇ! ಯಾರೋ ಕೂಗ್ದಂಗಾಯ್ತು, ಹಿಡಿಯಕ್ಕೆ ಬಂದ್ರು ಅಂತ ಓಡ್ದೆ. ಕೊಂಬೆ ನೋಡ್ದೆ, ಬುಡದಲ್ಲಿ ಯಾರವ್ರೆ ಅಂತ ಬಗ್ಗಿ ನೋಡ್ನಿಲ್ಲ. ಜೀವ ಅದಾ?"

"ಅದೆ. ತೋಳು ಮುರುದದೆ. ಏಳಿ."

ಆತ ಎದ್ದು ಎರಡೂ ಕೈ ಮುಂದೆ ಚಾಚಿದ. ಮಂಚಯ್ಯ ಹಗ್ಗ ಬಿಗಿದು ಕೇಳಿದ: "ಇನ್ನೂ ಟೊಳ್ಳು ಕೊಂಬೆ ಅದಾ?"

"ತೆಂಕಲಾಗೆ ಒಂದು. ಅದ ಇಳಿಸಿದ್ರೆ ಸಾಕು. ಬುಡ ಗಟ್ಟಿಯಾಗದೆ, ಮೊಮ್ಮಕ್ಕಳ ಕಾಲಕ್ಕೂ ನೆರಳು ಕೊಡ್ತದೆ."

ಸಂತೆಮಾಳಕ್ಕೆ ಮರಳಿ, ತೆಂಕಲ ಕೊಂಬೆಯ ಕೆಳಗೆ ಮುಳ್ಳುಬೇಲಿ ಎಳೆಸಿ, ಸಂತೆ ಮುಗಿದ ಮೇಲೆ ಊರವರೆದುರೇ ಅದನ್ನು ಇಳಿಸುವಂತೆ ಮಂಚಯ್ಯ ಪಟೇಲನಿಗೆ ಆಜ್ಞೆ ಮಾಡಿದ.

"ನೆರಳು ಹೋದ್ರೆ ಮಜ್ಜಿಗೆ ಕಾಯ್ತದೆ ಬುದ್ದೀ," ಎಂದಳು ಕುಳ್ಳಮ್ಮ.

"ತಲೆ ಉಳುದ್ರೆ ಮಜ್ಜಿಗೆ ಮಾರಬೌದು ಕಣವ್ವ."

ಅಮಲ್ದಾರರ ಕಚೇರಿಯಿದ್ದ ಅತ್ತಿಗುಪ್ಪೆಯ ದಾರಿಯಲ್ಲಿ ಆಚಾರಿ ತಾನಾಗಿಯೇ ಹೇಳಿದ. ಹೋದ ವರ್ಷ ಇದೇ ಗೋಣಿಮರದಡಿ ಅವನ ಹೆಂಡತಿ ಮಂಗಳಮ್ಮ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಾಗ ಒಂದು ಕೊಂಬೆ ಮುರಿದು ಅವಳ ಮೇಲೆ ಬಿತ್ತು. ಋಣ ತೀರಿತು ಎಂದರು ಊರವರು. ಅದೇ ಜಾಗದಲ್ಲಿ ಬೇರೆ ಹೆಂಗಸರು ಸೆರಗು ಹಾಸಿ ಒರಗುವುದನ್ನು ಪ್ರತಿ ಸಂತೆಯಲ್ಲೂ ಅವನು ನೋಡುತ್ತ ಬಂದಿದ್ದ.

ಬಿಸಿಲು ನೆತ್ತಿಗೇರಿತು. ದಾರಿಬದಿಯಲ್ಲಿ ಹೊಂಗೆಯೊಂದು ಹೊಸ ಚಿಗುರು ತುಂಬಿ ನಿಂತಿತ್ತು. ಆಚಾರಿ ತಲೆಯೆತ್ತಿ ಒಂದೊಂದೇ ಕೊಂಬೆಯನ್ನು ಕಣ್ಣಲ್ಲೇ ಸವರಿದ. ಆಮೇಲೆ ಹೇಳಿದ:

"ಕೂತ್ಕಳಿ ದಫೇದಾರ್ರೇ. ಭಯ ಇಲ್ಲ."