ಮಂಜು ಎಂಬ ಸವತಿ

"ನನ್ನ ಆಕಾಶಕ್ಕೆ ನೀಲಿ ಹಾಕಿದ್ದು ಯಾರು?"

ಸ್ಟುಡಿಯೋದ ಗಾಜಿನ ಬಾಗಿಲು ತಳ್ಳಿಕೊಂಡು ಬಂದವನ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ. ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಪ್ರಿಂಟು, ಕಣ್ಣಲ್ಲಿ ಕೆಂಡ!

ಪಾಸ್‌ಪೋರ್ಟ್ ಫೋಟೋಗೆಂದು ಉಸಿರು ಬಿಗಿಹಿಡಿದು ಕೂತಿದ್ದ ಗಿರಾಕಿ ಬೆಚ್ಚಿ ಕತ್ತು ತಿರುಗಿಸಿದ. ಕ್ಯಾಮೆರಾ ಹಿಂದಿದ್ದ ಸ್ಟುಡಿಯೋದ ಒಡತಿ ಚಿಕ್ಕಮ್ಮ ಹೆಬ್ಬೆರಳಿನಿಂದ ಹಿಂದಿನ ಕೋಣೆ ತೋರಿಸಿದರು.

ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಗುಂಯ್ ಎನ್ನುವ ಪ್ರಿಂಟಿಂಗ್ ಯಂತ್ರದ ಪಕ್ಕದಲ್ಲಿ ಚಿಕ್ಕಮ್ಮ ಸಾಕಿದ ಅಕ್ಕನ ಮಗಳು ಕೂತಿದ್ದಳು. ಊರಿನವರ ಮುಖಗಳನ್ನೆಲ್ಲ ಬೆಳ್ಳಗೆ ಮಾಡಿ, ಊರಿನ ಆಕಾಶಗಳನ್ನೆಲ್ಲ ನೀಲಿ ಮಾಡಿ ಕೊಡುವುದು ಅವಳ ಕೆಲಸ. ಕೋಪ ಅವಳಿಗೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ನಾನೇ ಹಾಕಿದ್ದು. ಏನಾಯ್ತೀಗ?"

"ಏನಾಯ್ತಾ? ಇದು ಬೂದಿ ಬಣ್ಣದ ಆಕಾಶ ರೀ! ಸೂರ್ಯ ಮುಳುಗಿದ ಮೇಲೆ, ಕತ್ತಲಾಗೋ ಮುಂಚೆ ಸ್ವಲ್ಪ ಹೊತ್ತು ಮಾತ್ರ ಇರೋ ಬಣ್ಣ. ಅದಕ್ಕೋಸ್ಕರ ಕೆರೆ ದಂಡೆ ಸವೆದು ಹೋಗೋಷ್ಟು ಅಲೆದಿದ್ದೀನಿ. ನೀವು ಬಿಳಿ ಅಂಗಿನ ನೀಲೀಲಿ ಅದ್ದೋ ಹಾಗೆ ಅದ್ದಿ ಕೊಟ್ಟಿದ್ದೀರ!"

"ಮಂಕಾಗಿತ್ತು, ಸರಿ ಮಾಡ್ದೆ. ಬೇರೆಯವರಾಗಿದ್ರೆ ಥ್ಯಾಂಕ್ಸ್ ಹೇಳಿ ಹೋಗೋರು."

"ಮಂಕಾಗಿರ್ಲಿಲ್ಲ. ಶಾಂತವಾಗಿತ್ತು!"

ಬೇರೆ ದಿನವಾಗಿದ್ದರೆ ಅವಳು ಒಂದಕ್ಕೆರಡು ಸೇರಿಸಿ ಕೊಡುತ್ತಿದ್ದಳು. ಅವತ್ತು ಯಾಕೋ ಪರದೆಯ ಮೇಲೆ ಮೂಲ ಚಿತ್ರವನ್ನು ತೆರೆದಳು. ಕೆರೆ, ಆಕಾಶ ಎರಡೂ ಒಂದೇ ಬಣ್ಣ. ಎಲ್ಲಿ ನೀರು ಮುಗಿಯಿತು, ಎಲ್ಲಿ ಬಾನು ಶುರುವಾಯಿತು ಎಂದೇ ತಿಳಿಯದು. ನಡುವೆ ಒಂದು ಖಾಲಿ ದೋಣಿ... ನೋಡುತ್ತ ನೋಡುತ್ತ ಅವಳು ಪರದೆಯ ಹತ್ತಿರಕ್ಕೆ ಬಾಗಿದಳು.

'ಇಷ್ಟು ದಿನ ನಾನು ಬಣ್ಣ ಸರಿಮಾಡಿದ್ದೇ ಆಯ್ತು. ಚಿತ್ರ ನೋಡಿದ್ದೇ ಇಲ್ವಲ್ಲ!'

"ಕೂತ್ಕೊಳ್ಳಿ," ಎಂದಳು ಮೆತ್ತಗೆ. "ಇನ್ನೊಂದು ಹಾಕ್ಕೊಡ್ತೀನಿ."

ಅವನು ಕೂತ. ಪ್ರಿಂಟು ಒಣಗಿದ ಮೇಲೂ ಏಳಲಿಲ್ಲ.

ಅವನ ಹೊಟ್ಟೆಪಾಡು ಪೀಠೋಪಕರಣದ ಕಂಪನಿಯೊಂದಕ್ಕೆ ಕುರ್ಚಿ, ಮೇಜು, ಬೀರುಗಳ ಫೋಟೋ ತೆಗೆಯುವುದು. ರಜೆ ಸಿಕ್ಕಿದರೆ ಸಾಕು, ಬೆಟ್ಟ, ಕೆರೆ, ಬಯಲು. ಚಳಿಗಾಲ ಮುಗಿಯುವುದರೊಳಗೆ ಪ್ರದರ್ಶನ ಇಡಬೇಕೆಂಬ ಆಸೆ. ಹಾಗಾಗಿ ಸ್ಟುಡಿಯೋಗೆ ಬರುವುದು ಹೆಚ್ಚಾಯಿತು. ಚಿಕ್ಕಮ್ಮ ಅವನಿಗೆ ಆಕಾಶರಾಯ ಎಂದು ಹೆಸರಿಟ್ಟರು.

"ಪುಟ್ಟೀ, ಆಕಾಶರಾಯರು ದಯಮಾಡಿಸಿದ್ರು! ತಲೆ ಬಾಚ್ಕೊಂಡಿದ್ದೀಯಾ?"

"ಚಿಕ್ಕಮ್ಮಾ...!"

ಒಂದು ದಿನ ಅವಳು ಕೇಳಿದಳು, "ಒಳ್ಳೆ ಚಿತ್ರ ತೆಗೆಯೋದು ಹೇಗೆ?"

"ತೆಗೆಯೋದು ಆಮೇಲೆ. ಮೊದಲು ಕ್ಯಾಮೆರಾ ಚೀಲದಲ್ಲೇ ಇಟ್ಟು ಸುಮ್ಮನೆ ಕೂತ್ಕೋಬೇಕು. ತಲೆಯೊಳಗಿನ ಗಲಾಟೆ ಎಲ್ಲ ಮುಗಿದ ಮೇಲೇನೇ ಎದುರಿಗಿರೋದು ಕಾಣ್ಸೋದು."

ಅವತ್ತು ಸಂಜೆ ಮನೆಗೆ ಹೋಗುವಾಗ ಎದುರುಗಡೆಯ ಗೋದಾಮಿನ ಗೋಡೆಯ ಮೇಲೆ ಬಿದ್ದ ಬಿಸಿಲನ್ನು ನೋಡುತ್ತ ಬಸ್ಸು ತಪ್ಪಿಸಿಕೊಂಡಳು. ಆ ಗೋಡೆಯನ್ನು ಚಿಕ್ಕಂದಿನಿಂದ ದಾಟಿ ಓಡಾಡಿದ್ದಳು. ಅದಕ್ಕೆ ಜೇನಿನ ಬಣ್ಣವೂ ಬರುತ್ತದೆ ಎಂದು ಗೊತ್ತಾದದ್ದು ಅಂದೇ. ಲೋಕಕ್ಕೆ ಕಣ್ಣು ತೆರೆಸಿದವನ ಮೇಲೆ ಮನಸ್ಸು ಹೋಗುವುದು ಹೊಸದೇನಲ್ಲ. ಅವಳ ಮನಸ್ಸೂ ಹೋಯಿತು. ಪೂರ್ತಿಯಾಗಿ ಹೋಯಿತು.

ಎಲ್ಲ ಸುಸೂತ್ರವಾಗಿತ್ತು... ಆ ಫೋನು ಬರುವವರೆಗೆ.

ಅವನು ಹೊರಗಿನ ಮೆಟ್ಟಿಲ ಮೇಲೆ ನಿಂತು ಗೆಳೆಯನ ಜೊತೆ ಮಾತಾಡುತ್ತಿದ್ದ. ಬಾಗಿಲು ಅರ್ಧ ತೆರೆದಿತ್ತು. ಅವಳ ಕಿವಿಗಳು ಪೂರ್ತಿ ತೆರೆದಿದ್ದವು.

"ಇಲ್ಲ ಕಣೋ, ಮಂಜು ಇಲ್ದೆ ಆ ಬೆಟ್ಟಕ್ಕೆ ಹೋಗಿ ನಾನೇನು ಮಾಡ್ಲಿ?... ಹೋದ ವಾರ ಎಲ್ಲ ಕಾದೆ... ಮಂಜು ಸಿಗೋವರೆಗೂ ನನಗೆ ಸಮಾಧಾನ ಇಲ್ಲ... ಆ ಚಂದಾನೇ ಬೇರೆ ಬಿಡೋ!"

ಮಂಜು!

ಅವಳ ಕೈಯಲ್ಲಿದ್ದ ಕತ್ತರಿ ಯಾರದೋ ಕಿವಿಯನ್ನು ಕತ್ತರಿಸಿ ಹಾಕಿತು. ಪುಣ್ಯಕ್ಕೆ ಫೋಟೋದಲ್ಲಿನ ಕಿವಿ.

ಶಾಲೆಯಲ್ಲಿ ಅದೇ ಹೆಸರಿನ ಹುಡುಗಿಯೊಬ್ಬಳು ಅವಳ ಪಕ್ಕದಲ್ಲೇ ಕೂರುತ್ತಿದ್ದಳು. ಮಾರುದ್ದ ಜಡೆ, ಗುಳಿ ಬೀಳುವ ಕೆನ್ನೆ. ಇಡೀ ತರಗತಿ ಆ ಹುಡುಗಿಯನ್ನೇ ನೋಡುತ್ತಿತ್ತು. ಈಗ ಆ ಜಡೆ, ಆ ಕೆನ್ನೆ ಎರಡೂ ಅವಳ ಕಣ್ಣೆದುರು ಬಂದು ಕುಣಿಯತೊಡಗಿದವು.

'ಇರ್ಲಿ ಬಿಡು. ನಿನಗೇನಂತೆ? ನೀನು ಪ್ರಿಂಟ್ ಹಾಕೋಳು, ಅಷ್ಟೇ...'

ಮನಸ್ಸು ಕೇಳಬೇಕಲ್ಲ! ಅಂದು ಅವಳು ತೆಗೆದ ಪ್ರಿಂಟುಗಳನ್ನು ನೋಡಿ ಚಿಕ್ಕಮ್ಮ ತಲೆ ಚಚ್ಚಿಕೊಂಡರು. "ಏನೇ ಇದು? ಊರಿಗೆಲ್ಲ ಕಾಮಾಲೆ ಬರ್ಸಿದ್ದೀಯಲ್ಲ!"

ಎರಡು ದಿನ ಬಿಟ್ಟು ಅವನು ಬಂದಾಗ ಮುಖದಲ್ಲಿ ಉತ್ಸಾಹವೂ ಇತ್ತು, ಅಳುಕೂ ಇತ್ತು. ದೂರದ ಪರ್ವತಗಳ ನಡುವಿನ ಕಣಿವೆಯೊಂದರ ಬಗ್ಗೆ ಪ್ರಕಾಶಕರೊಬ್ಬರು ಪುಸ್ತಕ ಮಾಡುತ್ತಿದ್ದರು. ಒಂದು ವರ್ಷ ಅಲ್ಲೇ ಇದ್ದು ಎಲ್ಲ ಋತುಗಳ ಚಿತ್ರ ತೆಗೆಯಬೇಕು. ಕರೆ ಬಂದದ್ದು ಅವನಿಗೆ.

"ಶನಿವಾರದೊಳಗೆ ಹೇಳ್ಬೇಕು. ಏನು ಮಾಡ್ಲಿ ಅಂತ..." ಅವನು ಅವಳನ್ನೇ ನೋಡಿದ.

ಬೇಡ, ಹೋಗಬೇಡಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಬಿದ್ದದ್ದೇ ಬೇರೆ.

"ಮಂಜು ಅಂದ್ರೆ ಅಷ್ಟೊಂದು ಇಷ್ಟಾನಾ ನಿಮಗೆ?"

ಅವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಮುಖವರಳಿಸಿದ. "ಯಾರಿಗಿಷ್ಟ ಇಲ್ಲ ಹೇಳಿ? ಚಿಕ್ಕಂದಿನಿಂದ್ಲೂ ಹುಚ್ಚು!"

"ಚಿಕ್ಕಂದಿನಿಂದಾನಾ?"

"ಹೂಂ. ಈ ಊರಲ್ಲಿ ಕೈಗೆ ಸಿಗೋದೇ ಕಷ್ಟ. ಆ ಕಣಿವೆಲಾದ್ರೆ ದಿನಾ ಬೆಳಗ್ಗೆ ಕಣ್ಣು ಬಿಟ್ರೆ ಸಾಕು, ಕಿಟಕಿ ಹತ್ರಾನೇ ಮಂಜು..."

ದಿನಾ ಬೆಳಗ್ಗೆ! ಕಿಟಕಿ ಹತ್ತಿರ! ಅಂದರೆ ಒಂದೇ ಮನೆ! ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

"ಹಾಗಾದ್ರೆ ಹೋಗಿ! ಯಾರು ತಡೆದಿದ್ದಾರೆ?"

"ನೀವು... ನೀವೂ ಹೋಗಿ ಅಂತೀರಾ?"

"ಬೇಡ ಅನ್ನೋಕೆ ನಾನ್ಯಾರು? ಕೈಗೆ ಸಿಗದೆ ಇರೋದು ಸಿಕ್ಕಾಗ ಬಿಡಬಾರ್ದು. ಹೋಗಿ."

ಅವನ ಮುಖದ ಉತ್ಸಾಹವೆಲ್ಲ ಇಳಿದು ಹೋಯಿತು. ಪ್ರಿಂಟುಗಳನ್ನು ಎತ್ತಿಕೊಂಡು ಬಾಗಿಲವರೆಗೆ ಹೋದವನು ನಿಂತ. "ಭಾನುವಾರ ಬೆಳಗಿನ ಜಾವ ಬೆಟ್ಟಕ್ಕೆ ಬರ್ತೀರಾ? ಚಳಿ ಜೋರಾಗಿದೆ, ಮಂಜು ಬರಬಹುದು. ಒಂದು ಸಲ ನೋಡಿದ್ರೆ ನಿಮಗೂ ಇಷ್ಟ ಆಗುತ್ತೆ."

'ಎಷ್ಟು ಧೈರ್ಯ! ನನಗೇ ತೋರಿಸ್ತಾನಂತೆ!'

"ಬರ್ತೀನಿ," ಎಂದಳು ಹಲ್ಲು ಕಚ್ಚಿ. "ಖಂಡಿತ ಬರ್ತೀನಿ."

ಭಾನುವಾರ ಕತ್ತಲಿರುವಾಗಲೇ ಎದ್ದಳು. ಮಾಮೂಲಿಯಾಗಿ ಅಷ್ಟು ಹೊತ್ತಿಗೆ ಊರು ಮುಳುಗಿದರೂ ಹೊದಿಕೆಯಿಂದ ಮೂಗು ಹೊರಗಿಡದವಳು ಅವಳು! ಪೆಟ್ಟಿಗೆಯ ತಳದಲ್ಲಿದ್ದ ರೇಷ್ಮೆ ಸೀರೆ ತೆಗೆದಳು. ಜುಮುಕಿ ಹಾಕಿದಳು. ಕಣ್ಣಿಗೆ ಕಾಡಿಗೆ ತೀಡಿದಳು.

"ಬೆಟ್ಟ ಹತ್ತೋಕೆ ಜುಮುಕಿ ಯಾಕೆ ಪುಟ್ಟಿ?" ಚಿಕ್ಕಮ್ಮ ಆಕಳಿಸುತ್ತ ಕೇಳಿದರು.

"ಬೇಕಾಗುತ್ತೆ!"

ಬೆಟ್ಟದ ಬುಡದಲ್ಲಿ ಟ್ರೈಪಾಡು ಹೆಗಲಿಗೇರಿಸಿ ನಿಂತಿದ್ದವನು ಅವಳನ್ನು ನೋಡಿ ದಂಗಾದ. "ಇಲ್ಲಿಂದ ಹಾಗೇ ಮದುವೆಗೆ ಹೊರಟಿದ್ದೀರಾ?"

"ಯಾಕೆ? ನಿಮ್ಮ ಮಂಜು ಮುಂದೆ ನಾನೇನು ಕಡಿಮೆನಾ?"

ಅವನಿಗೆ ಅರ್ಥವಾಗಲಿಲ್ಲ. ಆದರೂ ನಕ್ಕ. ಏದುಸಿರು ಬಿಡುತ್ತ, ಸೆರಗು ಮುಳ್ಳಿಗೆ ಸಿಕ್ಕಿಸಿಕೊಳ್ಳುತ್ತ ಅವಳು ನೆತ್ತಿಗೇರಿದಳು. ಅಲ್ಲಿ ಬಂಡೆಯೊಂದನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

"ಎಲ್ಲಿ?" ಎಂದಳು ಸೊಂಟಕ್ಕೆ ಕೈಯಿಟ್ಟು.

"ಶ್... ಇರಿ. ಸುಮ್ಮನೆ ಕೂತ್ಕೊಳ್ಳಿ."

ಪೂರ್ವದಲ್ಲಿ ನಸುಬೆಳಕು ಹರಿಯುತ್ತಿತ್ತು. ಕೆಳಗೆ ಕೆರೆ, ಹೊಲ, ಊರಿನ ಹೆಂಚುಗಳು. ಅವನು ಇದ್ದಕ್ಕಿದ್ದಂತೆ ಎದ್ದು ನಿಂತ.

"ಬಂತು! ನೋಡಿ... ಮಂಜು ಬಂತು!"

ಬಂತು?

ಬಂದಳು ಅಲ್ಲ... ಬಂತು!

ಕಾಯಲಿಟ್ಟ ಹಾಲು ಉಕ್ಕಿ ಬರುವಂತೆ ಕೆರೆಯಿಂದ ಬೆಳ್ಳಗಿನ ಮಂಜು ಮೇಲೇರುತ್ತಿತ್ತು. ಮೊದಲು ಹೊಲಗಳು ಮುಚ್ಚಿದವು. ಆಮೇಲೆ ಹೆಂಚುಗಳು, ಆಮೇಲೆ ಮರಗಳು. ಕೊನೆಗೆ ಮರಗಳ ತಲೆಗಳಷ್ಟೇ ಉಳಿದವು, ಅವುಗಳ ಮೇಲೆ ಗುಲಾಬಿ ಬಿಸಿಲು.

ಅವಳು ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಕಾಡಿಗೆ ಕರಗಿತು.

"ಏನಾಯ್ತು ರೀ?"

"ಏನಿಲ್ಲ... ಇವಳು ಇಷ್ಟು ಚೆಲುವೆ ಅಂತ ಗೊತ್ತಿರ್ಲಿಲ್ಲ."

ಮುಖ ಒರೆಸಿಕೊಂಡು ಅವನತ್ತ ತಿರುಗಿದಳು. ಅವನು ಆಗಲೇ ಕ್ಯಾಮೆರಾಗೆ ಕಣ್ಣಿಟ್ಟಿದ್ದ. ಉಸಿರಾಡುವುದನ್ನೂ ಮರೆತಿದ್ದ. ಆ ಮುಖದಲ್ಲಿದ್ದ ಪ್ರೀತಿಯನ್ನು ಕಂಡು ಅವಳ ನಗು ಅಲ್ಲೇ ನಿಂತಿತು.

'ನನ್ನನ್ನು ಒಂದು ದಿನವಾದರೂ ಹೀಗೆ ನೋಡಿದ್ದಾನಾ?'

ಮತ್ತೆ ಅದೇ ಬೆಂಕಿ! ಹೆಣ್ಣಾಗಿದ್ದರೆ ಜಡೆ ಹಿಡಿದು ಜಗಳವಾಡಬಹುದಿತ್ತು. ಈ ಮಂಜಿನ ಜಡೆ ಎಲ್ಲಿ ಹಿಡಿಯುವುದು?

"ಆ ಪ್ರಕಾಶಕರಿಗೆ ಏನಂದ್ರಿ?" ಎಂದಳು.

"ಒಪ್ಕೊಂಡೆ," ಎಂದ, ಕಣ್ಣು ತೆಗೆಯದೆ. "ನಿನ್ನೆ ಫೋನ್ ಮಾಡಿ ಹೇಳ್ದೆ. ನೀವೇ ಹೋಗಿ ಅಂದ್ರಲ್ಲ... ಮುಂದಿನ ವಾರ ಹೊರಡಬೇಕು."

ಇಲ್ಲದ ಹೆಣ್ಣಿನ ಮೇಲಿನ ಸಿಟ್ಟಿಗೆ ಇದ್ದವನನ್ನು ಕೈಯಾರೆ ಕಳಿಸಿಬಿಟ್ಟಿದ್ದಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

"ಮಂಜು ಅಂದ್ರೆ ಹುಡುಗಿ ಅಂದ್ಕೊಂಡಿದ್ದೆ ನಾನು!"

ಅವನು ಸರ್ರನೆ ತಿರುಗಿದ. "ಏನು?"

"ಫೋನಲ್ಲಿ ಮಂಜು ಮಂಜು ಅಂತಿದ್ರಲ್ಲ... ಹೊಟ್ಟೆ ಉರಿದು ಹೋಯ್ತು. ಅದಕ್ಕೇ ಹೋಗಿ ಅಂದೆ. ಸೀರೆ ಉಟ್ಟಿದ್ದೂ ಅದಕ್ಕೇ. ನಗಬೇಡಿ! ಈಗ ಗೊತ್ತಾದ ಮೇಲೂ ಉರಿ ಕಡಿಮೆ ಆಗಿಲ್ಲ ನಂಗೆ. ಬೆಟ್ಟ ತೆಗೀತೀರ, ಕೆರೆ ತೆಗೀತೀರ, ಒಣಗಿದ ಹುಲ್ಲನ್ನೂ ತೆಗೀತೀರ... ಒಂದು ದಿನವಾದ್ರೂ ನನ್ನ ಕಡೆ ಕ್ಯಾಮೆರಾ ಎತ್ತಿದ್ದೀರಾ? ಹುಲ್ಲಿಗಿಂತ ಕಡೆಯಾ ನಾನು?"

ಅವನ ನಗು ಮಾಯವಾಯಿತು.

"ಇನ್ನೊಂದು ಗಳಿಗೆಗೆ ಇರಲ್ಲ ಅನ್ನೋದನ್ನ ಮಾತ್ರ ನಾನು ತೆಗೆಯೋದು. ಈ ಮಂಜು ನೋಡಿ, ಬಿಸಿಲೇರಿದ್ರೆ ಹೋಯ್ತು. ಅದಕ್ಕೇ ಹಿಡಿದಿಡೋಕೆ ಒದ್ದಾಡ್ತೀನಿ. ನಿಮ್ಮನ್ನ ಹಾಗೆ ನೋಡೋಕೆ ನನಗೆ ಮನಸ್ಸು ಬರ್ಲಿಲ್ಲ. ನೀವು ಹೋಗೋರ ಲೆಕ್ಕಕ್ಕೆ ಸೇರೋದು ನನಗೆ ಬೇಕಿರ್ಲಿಲ್ಲ."

ಅವಳು ಮಂಜಿಗೆ ಬೆನ್ನು ಹಾಕಿ ನಿಂತಳು. "ಹಾಗಾದ್ರೆ ಇವತ್ತು ತೆಗೀರಿ. ಮುಂದಿನ ವಾರದಿಂದ ನಾನೂ ಸಿಗಲ್ಲ."

ಅವನು ಟ್ರೈಪಾಡಿನಿಂದ ಕ್ಯಾಮೆರಾ ಬಿಚ್ಚಿದ. ಅವಳತ್ತ ಎತ್ತಿದ. ಕರಗಿದ ಕಾಡಿಗೆ, ಮುಳ್ಳಿಗೆ ಹರಿದ ಸೆರಗು, ಹಿಂದೆ ಉಕ್ಕುತ್ತಿದ್ದ ಮಂಜು. ಬೆರಳು ಗುಂಡಿಯ ಮೇಲಿತ್ತು. ಅವಳು ಕಣ್ಣು ಮುಚ್ಚಿಕೊಂಡು ಕಾದಳು...

ಶಬ್ದವೇ ಬರಲಿಲ್ಲ. ಕಣ್ಣು ಬಿಟ್ಟಾಗ ಅವನು ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಎಳೆಯುತ್ತಿದ್ದ.

"ಆಗಲ್ಲ," ಎಂದ. "ನಿಮ್ಮನ್ನ ಬಿಟ್ಟು ಹೋಗೋದು ನನ್ನ ಕೈಲಿ ಆಗಲ್ಲ. ಅವರಿಗೆ ಇವತ್ತೇ ಬೇಡ ಅಂತ ಹೇಳ್ಬಿಡ್ತೀನಿ."

ಅವಳು ಹಿಂದೆ ತಿರುಗಿ ನೋಡಿ ಗಾಬರಿಯಾದಳು. "ರೀ, ಮಂಜು ಹೋಗ್ತಾ ಇದೆ! ನಿಮ್ಮ ಚಿತ್ರ!"

"ಹೋಗ್ಲಿ."

ಅವನು ಅದರತ್ತ ತಿರುಗಿಯೂ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ. ಇಷ್ಟು ದಿನದ ಉರಿಯೆಲ್ಲ ತಣ್ಣಗಾಗಿ, ಅವಳು ಬಂಡೆಯ ಮೇಲೆ ಕೂತಳು. ಅವನು ಪಕ್ಕದಲ್ಲಿ ಕೂತು, ಮೆಲ್ಲಗೆ ಅವಳ ತಣ್ಣನೆಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಬೇಡ ಅಂತ ಹೇಳ್ಬೇಡಿ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಆ ಚಿತ್ರಗಳನ್ನ ಪ್ರಿಂಟ್ ಹಾಕೋಕೆ ಅಲ್ಲಿ ಯಾರಾದ್ರೂ ಬೇಕಲ್ವಾ? ಚಿಕ್ಕಮ್ಮನ್ನ ಬಂದು ಕೇಳಿ."

"ಏನಂತ? ಒಂದು ವರ್ಷಕ್ಕೆ ಪ್ರಿಂಟಿಂಗ್ ಮೇಡಂನ ಕಳಿಸಿ ಅಂತಾನಾ?"

"ಹಾಗೆ ಕೇಳಿದ್ರೆ ಟ್ರೈಪಾಡ್ ಕಿತ್ಕೊಂಡು ಹೊಡೀತಾರೆ." ಅವಳು ತಲೆ ತಗ್ಗಿಸಿದಳು. "ಹೆಣ್ಣು ಕೇಳಿ."

ಅವನ ಮುಖದಲ್ಲಿ ಬೆಳಗಾಯಿತು. ಆದರೂ ಕೀಟಲೆ ಬಿಡಲಿಲ್ಲ. "ಯೋಚನೆ ಮಾಡಿ ಹೇಳಿ. ಅಲ್ಲಿ ದಿನಾ ಬೆಳಗ್ಗೆ ಕಿಟಕಿ ಹತ್ರಾನೇ ಮಂಜು ಇರುತ್ತೆ."

"ಅದಕ್ಕೇ ಬರ್ತೀನಿ ಅನ್ನೋದು!" ಅವಳು ಅವನ ಹೆಗಲಿಗೆ ತಲೆಯಾನಿಸಿದಳು. "ನಿಮ್ಮಿಬ್ಬರನ್ನೇ ಒಂದು ಮನೇಲಿ ಬಿಡೋಕಾಗುತ್ತಾ?"