ತಂಗಡಿ ಹೂವಿನ ಡಬ್ಬಿ

"ಮಾವ, ಕಾಲೇಜಲ್ಲಿ ನನ್ನ ಕಳ್ಳಿ ಅಂತಾವ್ರೆ," ಎಂದು ಭವ್ಯ ಅತ್ತಾಗ ಅಡವಯ್ಯನಿಗೆ ತೋಚಿದ್ದು ಒಂದೇ ದಾರಿ. ತೀರಿಹೋದ ಅಕ್ಕನ ಒಬ್ಬಳೇ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮಧುಗಿರಿ ಬೆಟ್ಟದ ಬುಡದಲ್ಲಿದ್ದ ಶಿವರುದ್ರಮ್ಮನವರ ಮನೆಗೆ ಬಂದುಬಿಟ್ಟ. ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದ ಆಕೆಯ ಕೈಕೆಳಗೆ ಅವನು ಕಾನ್‌ಸ್ಟೇಬಲ್ ಆಗಿದ್ದವನು. ಈಗಲೂ ಆಕೆ ಕೆಮ್ಮಿದರೆ ಸಾಕು, ಎದ್ದು ನಿಲ್ಲುತ್ತಿದ್ದ.

"ಅಳು ಆಮೇಲೆ. ಮೊದಲು ವಿಷಯ ಹೇಳು," ಎಂದರು ಶಿವರುದ್ರಮ್ಮ.

ಭವ್ಯ ಕಣ್ಣೊರೆಸಿಕೊಂಡಳು. "ಹಳದಿ ತಂಗಡಿ ಹೂವಿನ ಫ್ಲೇವನಾಯ್ಡ್‌ಗಳ ಮೇಲೆ ನನ್ನ ಸಂಶೋಧನೆ ಮೇಡಂ. ಗಿಡ ತನ್ನನ್ನು ಬಿಸಿಲು, ಹುಳುಗಳಿಂದ ಕಾಪಾಡಿಕೊಳ್ಳೋಕೆ ಮಾಡಿಕೊಳ್ಳೋ ವಸ್ತು ಅದು. ಅದನ್ನು ಬೇರ್ಪಡಿಸಿ ಹಚ್ಚಿದ್ರೆ ಸಕ್ಕರೆ ಕಾಯಿಲೆ ಇಲಿಗಳ ಹುಣ್ಣು ಬೇಗ ಮಾಯ್ತು. ಮನುಷ್ಯರ ಮಾತು ಇನ್ನೂ ದೂರ. ಆದ್ರೆ ನಮ್ಮವ್ವ ಹೋಗಿದ್ದು ಕಾಲಿನ ಹುಣ್ಣಿಂದಲೇ. ಅದಕ್ಕೇ ಹಿಡಿದ ಹಟ."

ಹೂವಿನ ಪುಡಿಯನ್ನು ಖಾತ್ರಿಗೆಂದು ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದರು. ಪಾಸಾದರೆ ಅವಳಿಗೆ ಹೈದರಾಬಾದಿನಲ್ಲಿ ಮುಂದಿನ ಕೆಲಸ. ಬಂದ ವರದಿಯಲ್ಲಿದ್ದುದು ಅರಿಶಿನ, ಕಡಲೆಹಿಟ್ಟು! ಮೋಸ ಮಾಡಿದ್ದಾಳೆಂದು ಅವಳ ಸಂಶೋಧನೆಯನ್ನೇ ರದ್ದು ಮಾಡಲು ಮರುದಿನ ಕಾಲೇಜಿನಲ್ಲಿ ಸಭೆ ಕರೆದಿದ್ದರು.

"ಡಬ್ಬಿ ಯಾರ್ಯಾರ ಕೈ ಹಾಯ್ದು ಹೋಯ್ತು?"

"ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸ್ಟೀಲ್ ಡಬ್ಬಿಗೆ ಹಾಕಿದ್ದು ನಾನೇ. ಆ ರಾತ್ರಿ ಕೊಡಿಗೇನಹಳ್ಳಿ ನಮ್ಮ ಮನೆಯಲ್ಲಿತ್ತು. ಬೆಳಿಗ್ಗೆ ಅಪ್ಪ ಮುಚ್ಚಳಕ್ಕೆ ಕುಂಕುಮ ಇಟ್ಟು ಪೂಜೆ ಮಾಡ್ತು. ಕಾಲೇಜಲ್ಲಿ ನಮ್ಮ ಗೈಡ್ ವೃಷಭೇಂದ್ರಪ್ಪ ಸರ್ ಟೇಪು ಸುತ್ತಿದ್ರು. ಬಸ್ಸಲ್ಲಿ ತಗೊಂಡೋಗಿದ್ದು ನವೀನ್ ಕುಮಾರ್, ನನ್ನ ಜೊತೆ ಸಂಶೋಧನೆ ಮಾಡೋನು."

"ನವೀನನೇ ಕಣ್ರಮ್ಮ!" ಅಡವಯ್ಯ ತೊಡೆ ತಟ್ಟಿದ. "ಇವಳನ್ನ ತೆಗೆದ್ರೆ ಹೈದರಾಬಾದಿನ ಕೆಲಸ ಅವನಿಗೇ ತಾನೆ?"

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡ," ಎನ್ನುತ್ತ ಶಿವರುದ್ರಮ್ಮ, ಲ್ಯಾಬಿನಿಂದ ವಾಪಸು ಬಂದು ಭವ್ಯಳ ಕೈಯಲ್ಲಿದ್ದ ಡಬ್ಬಿಯನ್ನು ತೆರೆದರು. ಮುಚ್ಚಳದ ಮೇಲೆ ಕುಂಕುಮ. ಒಳಗಿನ ಬಟ್ಟೆಯ ಬಾಯಲ್ಲೂ ಬೆರಳಗಲದ ಕೆಂಪು ಕಲೆ. "ಪೂಜೆ ಆದಾಗ ಮುಚ್ಚಳ ತೆಗೆದಿತ್ತೇನು?"

"ಇಲ್ಲ ಮೇಡಂ, ಮುಚ್ಚೇ ಇತ್ತು."

ಆ ಸಂಜೆ ಶಿವರುದ್ರಮ್ಮ ಡಬ್ಬಿ ಮುಟ್ಟಿದ್ದ ಉಳಿದ ಮೂವರನ್ನೂ ಮನೆಗೆ ಕರೆಸಿ ಎಲೆಅಡಿಕೆ ತಟ್ಟೆ ಮುಂದಿಟ್ಟರು. ವೃಷಭೇಂದ್ರಪ್ಪನವರು ಹಲ್ಲಿನ ಸೆಟ್ಟು ತೋರಿಸಿ ಕೈಮುಗಿದರು. ನವೀನನಿಗೆ ಎಲೆ ಕಂಡರೇ ವಾಕರಿಕೆ. ಭವ್ಯಳ ಅಪ್ಪ ಕೆಂಪಯ್ಯ ಮಾತ್ರ ಬೆರಳಲ್ಲಿ ಸುಣ್ಣ ಬಳಿದು ಎಲೆ ಮಡಿಸುತ್ತ, "ಓದಿದ್ದು ಸಾಕು ಬುಡಿ ತಾಯಿ. ಶಿರಾದಾಗೆ ಒಳ್ಳೆ ಗಂಡು ಐತೆ, ಮದ್ವೆ ಮಾಡ್ಬುಡ್ತೀನಿ," ಎಂದ. ಅಕ್ಕ ಹೋದ ಮೇಲೆ ಮಗಳ ಜಡೆಯನ್ನೂ ತಾನೇ ಹೆಣೆದ ಭಾವನ ಮೇಲೆ ಅಡವಯ್ಯನಿಗೆ ಕನಿಕರ ಉಕ್ಕಿತು.

ಮರುದಿನದ ಸಭೆಗೆ ಕೆಂಪಯ್ಯ, ಅಡವಯ್ಯ ಎಲ್ಲರೂ ಬಂದಿದ್ದರು. ಪ್ರಿನ್ಸಿಪಾಲರು ಬಾಯಿ ತೆರೆಯುವ ಮೊದಲೇ ಶಿವರುದ್ರಮ್ಮ ಒಂದು ನಿಂಬೆಹಣ್ಣು ಹೋಳು ಮಾಡಿದರು. ಮುಚ್ಚಳದ ಕುಂಕುಮಕ್ಕೆ ಹಿಂಡಿದರು. ಅದು ಕೆಂಪಾಗಿಯೇ ಉಳಿಯಿತು. ಬಟ್ಟೆಯ ಕಲೆಗೆ ಹಿಂಡಿದರು. ಎಲ್ಲರೂ ನೋಡುತ್ತಿದ್ದಂತೆ ಅದು ಹಳದಿಗೆ ತಿರುಗಿತು.

"ಮುಚ್ಚಳದ ಮೇಲಿರುವುದು ಅಂಗಡಿಯ ಬಣ್ಣದ ಕುಂಕುಮ, ಹುಳಿಗೆ ಜಗ್ಗುವುದಿಲ್ಲ. ಒಳಗಿನದು ಕುಂಕುಮವೇ ಅಲ್ಲ. ಅರಿಶಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುತ್ತದೆ, ಹುಳಿ ಬಿದ್ದರೆ ಮತ್ತೆ ಹಳದಿ. ಆರತಿಗೆ ಓಕುಳಿ ಕಲಸುವವರಿಗೆಲ್ಲ ಇದು ಗೊತ್ತು. ಅಂದಮೇಲೆ ಅರಿಶಿನ ತುಂಬಿ ಈ ಗಂಟು ಕಟ್ಟಿದ ಬೆರಳಲ್ಲಿ ಸುಣ್ಣವಿತ್ತು. ಲ್ಯಾಬಿನವರು ಗ್ಲೌಸ್ ಹಾಕಿ ಮುಟ್ಟಿದವರು. ಭವ್ಯಳೂ ಸೇರಿ ಉಳಿದವರಲ್ಲಿ ಎಲೆ ಹಾಕುವವರು ಒಬ್ಬರೇ. ಡಬ್ಬಿ ಒಂದು ರಾತ್ರಿ ಪೂರ್ತಿ ಇದ್ದದ್ದೂ ಅವರ ಮನೆಯಲ್ಲೇ. ಅಸಲಿ ಪುಡಿ ಎಲ್ಲಿ, ಕೆಂಪಯ್ಯನವರೇ?"

ಅಡವಯ್ಯ ಸಿಡಿದೆದ್ದ. "ಅಮ್ಮಾ, ಅವ್ನು ಹೆತ್ತಪ್ಪ!" ಎಂದವನೇ ಭಾವನ ಕಡೆ ತಿರುಗಿದ. ಅಲ್ಲ ಅನ್ನಲಿ, ಒಂದೇ ಒಂದು ಸಲ ಅಲ್ಲ ಅನ್ನಲಿ ಎಂದು ಕಾದ. ಕೆಂಪಯ್ಯ ಹೆಗಲ ಮೇಲಿನ ಟವೆಲು ಎಳೆದು ಮುಖ ಒರೆಸಿಕೊಂಡ.

"ದೇವರ ಗೂಡಲ್ಲೈತೆ," ಎಂದ. "ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ಶಿರಾದೋರಿಗೆ ಮಾತು ಕೊಟ್ಬುಟ್ಟಿದ್ದೆ. ಪರೀಕ್ಷೆ ಫೇಲಾದ್ರೆ ಸುಮ್ನೆ ಮನೆಗೆ ಬತ್ತಾಳೆ ಅಂದ್ಕಂಡೆ. ಕಳ್ಳಿ ಅಂತಾರೆ ಅಂತ ನಂಗೇನು ಗೊತ್ತು?"

ಪೊಲೀಸು ಕೆಲಸದಲ್ಲಿ ಅಡವಯ್ಯ ಎಂತೆಂಥ ಖದೀಮರನ್ನೋ ಕಂಡಿದ್ದ, ಯಾರೂ ಅವನಿಗೆ ಇಷ್ಟು ನೋವು ಕೊಟ್ಟಿರಲಿಲ್ಲ.

ಅಸಲಿ ಪುಡಿಯನ್ನು ತಾವೇ ಲ್ಯಾಬಿಗೆ ಒಯ್ಯುವುದಾಗಿ ವೃಷಭೇಂದ್ರಪ್ಪನವರು ಹೇಳಿದರು. ಪ್ರಿನ್ಸಿಪಾಲರು ವಿಚಾರಣೆ ಕೈಬಿಟ್ಟು ಕ್ಷಮೆ ಕೇಳಿದರು. ಭವ್ಯಳಿಗೆ ಅದೊಂದೂ ಕೇಳಿಸಿದಂತೆ ಕಾಣಲಿಲ್ಲ.

"ಮನೆಗೆ ಹೋಗಾನ ಬಾ, ಮಗ," ಎಂದ ಕೆಂಪಯ್ಯ.

"ಬೇರೆಯೋರು ಕಳ್ಳಿ ಅಂದಿದ್ದಕ್ಕೆ ನಂಗೆ ಸಿಟ್ಟಿಲ್ಲಪ್ಪ. ಅವ್ರಿಗೆ ನಿಜ ಗೊತ್ತಿರ್ಲಿಲ್ಲ," ಎಂದಳು ಭವ್ಯ. "ನಾನು ಕಳ್ಳಿ ಅಲ್ಲ ಅಂತ ಗೊತ್ತಿದ್ದೋನು ಈ ಲೋಕದಾಗೆ ನೀನೊಬ್ನೇ. ನಿನ್ನೆ ರಾತ್ರಿಯೆಲ್ಲ ಪಕ್ಕದಲ್ಲೇ ಕೂತು ನನ್ನ ಕಣ್ಣೀರು ಒರೆಸ್ದೆ. ಒಂದು ಮಾತು ಹೇಳ್ಲಿಲ್ಲ."

ಕೆಂಪಯ್ಯ ಚಾಚಿದ್ದ ಕೈ ಹಾಗೇ ಉಳಿಯಿತು. ಅವಳು ಅದನ್ನು ಹಿಡಿಯಲಿಲ್ಲ.