ಯಶೋಧಾ ಹೆಸರಿನ ಲೋಟ

"ಇವತ್ತಾದ್ರೂ ನಾಕು ಗುಟುಕು ಕುಡಿಸಿದ್ಯೋ ಇಲ್ಲೋ?"

ಅಡಿಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಅಂಜಿನಕ್ಕ ಕೇಳಿದ ಪ್ರಶ್ನೆಗೆ ನಾಗರತ್ನ ಬೆಚ್ಚಿ ತಲೆಯೆತ್ತಿದಳು. ಅವಳ ಮಡಿಲಲ್ಲಿ ಏಳು ತಿಂಗಳ ಕೂಸು, ಕೈಯಲ್ಲೊಂದು ಪುಟ್ಟ ಸ್ಟೀಲ್ ಲೋಟ. ಲೋಟ ಖಾಲಿಯಾಗಿತ್ತು. ಕೂಸಿನ ತುಟಿ ಮಾತ್ರ ಒಣಗಿತ್ತು.

"ಇಲ್ಲತ್ತಿ... ಬಾಯಾಗ ಹಾಕಿದ್ದೆಲ್ಲ ಉಗುಳ್ತಾಳ. ಲೋಟ ಕಂಡ್ರ ಮುಖ ತಿರುವ್ತಾಳ."

ಸುಳ್ಳು! ಹಸಿ ಸುಳ್ಳು! ಕಾಯಿಸಿ ಆರಿಸಿದ ಆ ನೀರನ್ನು ನಾಗರತ್ನ ಈಗಷ್ಟೇ ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿದು ಬಂದಿದ್ದಳು. ಇವತ್ತೊಂದೇ ದಿನವಲ್ಲ, ಹದಿನೆಂಟು ದಿನಗಳಿಂದ ಹೀಗೇ ಮಾಡುತ್ತಿದ್ದಳು. ಹಾಲೂಡಿಸುವ ಹೆಂಗಸು ಇಂಥ ಕೆಲಸ ಮಾಡುತ್ತಾಳೆಯೇ ಎಂದು ಓದುವವರು ಅವಳನ್ನು ಬೈಯಬಹುದು. ಬೈಯಿರಿ, ಬೇಡವೆನ್ನುವುದಿಲ್ಲ. ಅದಕ್ಕೂ ಮೊದಲು ಇಷ್ಟನ್ನು ಕೇಳಿಬಿಡಿ.

ಕೂಸು ಅವಳು ಹೆತ್ತದ್ದಲ್ಲ. ನಾದಿನಿ ಯಶೋಧಾ ಚೊಚ್ಚಲ ಹೆರಿಗೆಗೆಂದು ಮಾಗಳದಿಂದ ಕೂಡ್ಲಿಗಿಯ ತವರಿಗೆ ಬಂದಾಗ ನಾಗರತ್ನಳಿಗೂ ದಿನ ತುಂಬಿತ್ತು. ಅತ್ತಿಗೆ ನಾದಿನಿ ಇಬ್ಬರೂ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಯಾರ ಹೊಟ್ಟೆ ದೊಡ್ಡದೆಂದು ನಕ್ಕಿದ್ದೇ ನಕ್ಕಿದ್ದು. ನಾಗರತ್ನಳಿಗೆ ಗಂಡುಮಗು ಹುಟ್ಟಿತು, ಅಳಲೇ ಇಲ್ಲ. ಅದಾದ ಐದನೆಯ ದಿನಕ್ಕೆ ಯಶೋಧಾ ಹೆಣ್ಣು ಹೆತ್ತಳು, ರಕ್ತ ನಿಲ್ಲದೆ ಕಣ್ಣು ಮುಚ್ಚಿದಳು. ಒಂದೇ ಮನೆಯಲ್ಲಿ ತಾಯಿಯಿಲ್ಲದ ಕೂಸು, ಕೂಸಿಲ್ಲದ ತಾಯಿ! ಮಗಳ ದೇಹ ಇನ್ನೂ ಅಂಗಳದಲ್ಲಿದ್ದಾಗಲೇ ಅಂಜಿನಕ್ಕ ಮೊಮ್ಮಗಳನ್ನು ತಂದು ಸೊಸೆಯ ಮಡಿಲಿಗೆ ಹಾಕಿ "ಕುಡಿಸು" ಎಂದಿದ್ದಳು. ನಾಗರತ್ನಳ ರವಿಕೆ ಅದಾಗಲೇ ಒದ್ದೆಯಾಗಿತ್ತು.

ಯಶೋಧಾಳ ಗಂಡ ಅಮರೇಶ್ ಕೆಟ್ಟವನೇನಲ್ಲ. "ಹಾಲು ಬಿಡೋ ತನಕ ಕೂಸು ಇಲ್ಲೇ ಇರ್ಲಿ. ಲೋಟದಾಗ ನೀರು ಕುಡಿಯೋದು ಕಲಿತ ಮ್ಯಾಲೆ ನನ್ನ ಕೂಸು ನನಗ ಕೊಡ್ರಿ" ಎಂದು ಹಿರಿಯರ ಮುಂದೆ ಕೈ ಮುಗಿದಿದ್ದ. ಹೆಸರಿಡುವುದೂ ಮಾಗಳದಲ್ಲೇ ಎಂದು ಮಾತಾಗಿತ್ತು. ಹೀಗಾಗಿ ಕೂಸಿಗೆ ಹೆಸರಿರಲಿಲ್ಲ. ಕೆನ್ನೆ ನೋಡಿ ನಾಗರತ್ನ "ಗುಂಡವ್ವ" ಎಂದಳು, ಎಲ್ಲರೂ ಹಾಗೇ ಕರೆದರು. ಎರಡು ತಿಂಗಳ ಹಿಂದೆ ಅಮರೇಶನಿಗೆ ಮೈಲಮ್ಮ ಎಂಬ ಹುಡುಗಿಯೊಂದಿಗೆ ಮರುಮದುವೆಯಾಯಿತು. ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ಅಂಜಿನಕ್ಕ ಅಟ್ಟದಿಂದ ಈ ಲೋಟ ಇಳಿಸಿದಳು. ಯಶೋಧಾ ಚಿಕ್ಕವಳಿದ್ದಾಗ ಕೊಟ್ಟೂರಿನ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿ ತಂದ ಲೋಟ.

"ನನ್ನ ಮಗಳ ಕೂಸದು, ನಿಂದಲ್ಲ. ನೆಪ್ಪಿರ್ಲಿ!" ಅಂಜಿನಕ್ಕನ ನಾಲಿಗೆಗೆ ಮೊದಲೇ ಹರಿತ ಜಾಸ್ತಿ. ಈ ಮಾತನ್ನಂತೂ ದಿನಕ್ಕೆರಡು ಸಲ ಆಡದಿದ್ದರೆ ಅವಳಿಗೆ ಉಂಡ ಅನ್ನ ಕರಗುತ್ತಿರಲಿಲ್ಲ.

ಕೂಸು ಲೋಟ ಕಲಿತರೆ ಕೂಸು ಹೋಗುತ್ತದೆ. ಇಷ್ಟೇ ನಾಗರತ್ನಳ ತಲೆಯಲ್ಲಿ ಉಳಿದದ್ದು. ಇನ್ನೊಂದು ವಾರ... ಇನ್ನೊಂದೇ ವಾರ... ಎಂದು ಅವಳು ನೀರು ಚೆಲ್ಲುತ್ತಾ ಹೋದಳು. ಯುಗಾದಿ ಕಳೆದು ಬಿಸಿಲು ಏರಿತು. ಅವಳ ಹಾಲು ಕಡಿಮೆಯಾಗುತ್ತಾ ಬಂತು. ಅದನ್ನೂ ಅವಳು ಯಾರಿಗೂ ಹೇಳಲಿಲ್ಲ.

ಮರುದಿನ ಅಂಗನವಾಡಿಯಲ್ಲಿ ತೂಕದ ದಿನ. ಟೀಚರ್ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು.

"ಹೋದ ತಿಂಗಳು ಏಳು ಕೆಜಿ ಇದ್ಲಲ್ಲ ನಾಗರತ್ನ? ಈಗ ಆರೂವರಿನೂ ಇಲ್ಲ! ಗಂಜಿ ಕೊಡಾಕ ಹತ್ತಿದ ಮ್ಯಾಲೆ ನೀರು ಕುಡಿಸ್ತೀಯಿಲ್ಲೋ? ಈ ತುಟಿ ನೋಡು, ಹೆಂಗ ಒಣಗ್ಯಾವ. ಮುಂಜಾನಿಯಿಂದ ಎಷ್ಟು ಸಲ ಉಚ್ಚಿ ಹೊಯ್ದಾಳ?"

ನಾಗರತ್ನ ಲೆಕ್ಕ ಹಾಕಿದಳು. ಮುಂಜಾನೆಯಿಂದ ಒದ್ದೆಯಾದದ್ದು ಒಂದೇ ಬಟ್ಟೆ. ಅದನ್ನು ಒಗೆದು ಹಾಕಿದವಳು ಅವಳೇ!

ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಆರಿಸಿಟ್ಟ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಹಿತ್ತಲಿಗೆ ಹೋಗಿ, ಕರಿಬೇವಿನ ನೆರಳಲ್ಲಿ ಕುಸಿದು ಕುಳಿತಳು. ಆ ಬಿಸಿಲಲ್ಲೂ ಗಿಡ ಎಳೆ ಚಿಗುರು ಬಿಟ್ಟು ನಿಂತಿತ್ತು. ಅದನ್ನು ಕಂಡು ಅವಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ ಲೋಟದ ಅಂಚನ್ನು ಕೆಳತುಟಿಗೆ ಮುಟ್ಟಿಸಿದಳು. ಕೂಸು ನಾಲಿಗೆ ಚಾಚಿ ಎರಡು ಹನಿ ನೆಕ್ಕಿತು. ಸ್ವಲ್ಪ ಕೆಮ್ಮಿತು. ಆಮೇಲೆ ಎರಡೂ ಕೈಯಿಂದ ಲೋಟ ಹಿಡಿದುಕೊಂಡು ಗುಟುಕ್... ಗುಟುಕ್... ಎಂದು ಎಳೆಯತೊಡಗಿತು. ಗದ್ದದಿಂದ ಎದೆಗೆಲ್ಲ ನೀರು ಸುರಿಯಿತು. ಲೋಟ ಬರಿದಾದಾಗ ಅದನ್ನು ಅಂಗೈಯಿಂದ ಬಡಿದು ಇನ್ನೂ ಬೇಕೆಂದು ಕೇಳಿತು, ನಕ್ಕಿತು!

"ತಪ್ಪಾತವ್ವಾ... ತಪ್ಪಾತು ನನ್ನವ್ವಾ... ಇಷ್ಟು ಬಾಯಾರಿದ್ದಿಯೇನ ನೀನು!" ಅವಳು ಕೂಸಿನ ಪಾದಗಳಿಗೆ ಹಣೆ ಒತ್ತಿ ಬಿಕ್ಕಳಿಸಿದಳು.

"ಇನ್ನೊಂದು ಲೋಟ ತರ್ಲೇನು?"

ಹಿಂದೆ ಅಂಜಿನಕ್ಕ ನಿಂತಿದ್ದಳು. ಇಂದು ತನ್ನ ಕತೆ ಮುಗಿಯಿತೆಂದುಕೊಂಡಳು ನಾಗರತ್ನ. ಆದರೆ ಅಂಜಿನಕ್ಕ ಬೈಯಲಿಲ್ಲ, ಸೊಸೆಯ ಪಕ್ಕದಲ್ಲೇ ಮಣ್ಣಿನ ಮೇಲೆ ಕುಳಿತಳು.

"ಈ ಗಿಡಕ್ಕ ದಿನಾ ಯಾರು ನೀರು ಹಾಕ್ತಾರಂತ ನನಗ ಗೊತ್ತಿಲ್ಲಂತ ತಿಳ್ಕೊಂಡಿದ್ದೇನು?"

"ಗೊತ್ತಿದ್ರೂ... ಯಾಕ ಬೈಲಿಲ್ಲತ್ತಿ?"

"ಬೈದಿದ್ರ ನೀ ಕುಡಿಸ್ತಿದ್ದಿ. ಕುಡಿದಿದ್ರ ಅವ್ರು ಒಯ್ತಿದ್ರು..." ಅಂಜಿನಕ್ಕ ಕೂಸಿನ ಒದ್ದೆ ಗದ್ದವನ್ನು ಸೆರಗಿನಿಂದ ಒರೆಸಿದಳು. "ಇದರ ಮುಖದಾಗ ನನ್ನ ಯಶಿ ಅದಾಳಲೇ ರತ್ನಾ! ನಿತ್ಯ ಬಾಯಿ ಮಾಡಿ ಕೇಳ್ತಿದ್ನಲ್ಲ, ಕುಡಿಸಿದ್ಯೋ ಇಲ್ಲೋ ಅಂತ? ನೀನು ಇಲ್ಲ ಅಂದಾಗೆಲ್ಲ ನನ್ನ ಜೀವಕ್ಕ ತಂಪಾಗ್ತಿತ್ತು... ಪಾಪಿ ನಾನು! ನಿನಗಿಂತ ದೊಡ್ಡ ಪಾಪಿ!"

ಮದುವೆಯಾಗಿ ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಅತ್ತೆ ಸೊಸೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಡುವೆ ಸಿಕ್ಕಿಕೊಂಡ ಗುಂಡವ್ವ ಲೋಟದ ಅಂಚು ಕಡಿಯುತ್ತಿದ್ದಳು. ಸಂಜೆ ಮೋಟಾರ್ ರಿಪೇರಿ ಅಂಗಡಿಯಿಂದ ಬಂದ ಗಂಡ ಹುಲುಗೇಶನಿಗೆ ನಾಗರತ್ನಳೇ ಹೇಳಿದಳು: "ಮಾಗಳಕ್ಕ ಫೋನ್ ಹಚ್ರಿ. ಕೂಸು ಲೋಟದಾಗ ನೀರು ಕುಡೀತಾಳ ಅಂತ ಹೇಳ್ರಿ."

ಕೂಸು ಚೇತರಿಸಿಕೊಳ್ಳಲೆಂದು ಎರಡು ವಾರ ಬಿಟ್ಟು ಅಮರೇಶ್ ಬಂದ, ಜೊತೆಗೆ ಮೈಲಮ್ಮ. ಇಪ್ಪತ್ತೆರಡರ ಹುಡುಗಿ, ಕೂಸನ್ನು ಎತ್ತಿಕೊಳ್ಳುವ ಮೊದಲು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹೊಸ ಬೆಳ್ಳಿ ಬಟ್ಟಲು ತಂದಿದ್ದರು. ಹೊರಡುವ ಗಳಿಗೆಯಲ್ಲಿ ಅಂಜಿನಕ್ಕ ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮಗಳ ಹೆಸರಾದರೂ ಮನೆಯಲ್ಲಿ ಉಳಿಯಲೆಂಬ ಆಸೆ. ಮಾಗಳದ ದಾರಿಯ ಹಡಗಲಿ ಬಸ್ಸಿನ ಕಿಟಕಿಯಲ್ಲಿ ಕೂಸು ನಾಗರತ್ನಳ ಕಡೆಗೆ ಕೈ ಚಾಚಿ ಅತ್ತಿತು. ನಾಗರತ್ನ ಬಸ್ಸು ತಿರುಗುವ ತನಕ ನಗುತ್ತಲೇ ನಿಂತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು.

"ಅಕ್ಕಾ," ಅಮರೇಶನ ದನಿ ಸೋತಿತ್ತು. "ನಿನ್ನೆ ಹೆಸರಿಟ್ವಿ. ಯಶೋಧಾ ಅಂತ ಇಟ್ವಿ, ಮೈಲಮ್ಮನೇ ಹೇಳಿದ್ದು. ಆದ್ರ ಮುಂಜಾನಿಯಿಂದ ಒಂದು ಹನಿ ನೀರು ಕುಡೀವಲ್ಲಳು. ಬಟ್ಟಲ ಒದೀತಾಳ, ಅತ್ತು ಅತ್ತು ದನಿ ಬಿದ್ದೈತಿ. ನಮ್ಮ ಕೈಲಾಗಲ್ಲಕ್ಕಾ... ನಾಳಿ ಮೊದಲ ಬಸ್ಸಿಗೆ ಕರಕೊಂಡು ಬಂದುಬಿಡ್ತೀನಿ. ನಿಮ್ಮ ಹತ್ರಾನೇ ಇರ್ಲಿ."

ಪಕ್ಕದಲ್ಲೇ ಕಿವಿಗೊಟ್ಟಿದ್ದ ಅಂಜಿನಕ್ಕ ಸೊಸೆಯ ತೋಳು ಹಿಡಿದು ಅಲುಗಿಸಿದಳು. "ಬಾ ಅನ್ನು... ಬಾ ಅನ್ನಲೇ!"

ಒಂದೇ ಅಕ್ಷರ! ಇಷ್ಟು ದಿನ ಯಾವುದಕ್ಕಾಗಿ ಸುಳ್ಳು ಹೇಳಿದ್ದಳೋ ಅದು ತಾನಾಗಿ ಬಾಗಿಲಿಗೆ ಬಂದು ನಿಂತಿತ್ತು. ಮೂರು ದಿನಗಳಿಂದ ಗಟ್ಟಿಯಾಗಿ ನೋಯುತ್ತಿದ್ದ ಎದೆ ಫೋನಿನಾಚೆಯ ಕೂಸಿನ ಅಳು ಕೇಳಿ ಜಿನುಗತೊಡಗಿತು. ಆದರೆ ನಾಳೆಯ ಬಸ್ಸು ಬರುವ ತನಕ... ಅಲ್ಲಿಯ ತನಕ ಕೂಸು ಬಾಯಾರಿಯೇ ಇರಬೇಕೆ? ಮತ್ತೆ ತನಗೋಸ್ಕರ?

"ಫೋನ್ ಮೈಲಮ್ಮನ ಕೈಗೆ ಕೊಡಪ್ಪ," ಎಂದಳು ನಾಗರತ್ನ.

"ಅಕ್ಕಾ... ನನಗ ತಿಳೀವಲ್ದು," ಮೈಲಮ್ಮ ಅಳುತ್ತಿದ್ದಳು. "ಫೋನ್ ಅದರ ಕಿವಿಗೆ ಹಿಡೀತೀನಿ, ನೀವ ಮಾತಾಡ್ರಿ."

"ಬ್ಯಾಡ! ನನ್ನ ದನಿ ಕೇಳಿದ್ರ ಮತ್ತ ಎದಿ ಬೇಡ್ತಾಳ. ನೀನ ಮಾತಾಡಬೇಕು. ಆ ಬೆಳ್ಳಿದು ಬಾಜೂಕ ಇಡು, ನಿಮ್ಮ ಮನ್ಯಾಗ ಸಣ್ಣ ಸ್ಟೀಲ್ ಲೋಟ ಐತೇನು? ತಗೋ. ಮಲಗಿಸಿ ಹಾಕಬ್ಯಾಡ, ತೊಡಿ ಮ್ಯಾಲೆ ನೆಟ್ಟಗ ಕೂಡ್ರಿಸು. ಮೊದಲು ನೀ ಒಂದು ಗುಟುಕು ಕುಡಿದು ತೋರ್ಸು. ಈಗ ಲೋಟದ ಅಂಚು ಕೆಳತುಟಿಗೆ ಮುಟ್ಟಿಸಿ ಸುಮ್ಮನ ತಡಿ. ನೀ ಸುರೀಬ್ಯಾಡ, ಆಕಿನೇ ಎಳ್ಕೋತಾಳ... ಗುಂಡವ್ವ ಅನ್ನು. ಹೊಸ ಹೆಸರಿಗೆ ಇನ್ನಾ ಕಿವಿ ಕೊಡಂಗಿಲ್ಲ ಆಕಿ."

"ಗುಂಡವ್ವಾ..." ಆ ಕಡೆಯಿಂದ ಅಳುಕುತ್ತಾ ಒಂದು ದನಿ ಕರೆಯಿತು. "ಕುಡಿಯವ್ವಾ ಗುಂಡವ್ವಾ..."

ಕೂಸಿನ ಅಳು ತಗ್ಗಿತು. ಒಂದು ಕೆಮ್ಮು. ಆಮೇಲೆ... ಗುಟುಕ್... ಗುಟುಕ್...

"ಕುಡೀತಾಳಕ್ಕಾ! ಎರಡೂ ಕೈಲೆ ಹಿಡ್ಕೊಂಡಾಳ!"

"ಹಂಗ ಹಿಡೀತಾಳ," ಎಂದಳು ನಾಗರತ್ನ. "ಚೆಲ್ಲಿದ್ರ ಬೈಬ್ಯಾಡ." ಫೋನ್ ಕೆಳಗಿಟ್ಟು ಗೋಡೆಗೆ ಒರಗಿದಳು.

ಅಂಜಿನಕ್ಕ ಹಿಡಿದಿದ್ದ ಸೊಸೆಯ ತೋಳು ಬಿಟ್ಟಳು. ಎದ್ದು ಒಳಗೆ ಹೋಗಿ ಸ್ಟೀಲ್ ಲೋಟದ ತುಂಬ ನೀರು ತಂದಳು. ಅದರ ಮೇಲಿನ ಅಕ್ಷರಗಳು ಸವೆದಿದ್ದರೂ ಓದಲು ಬರುತ್ತಿದ್ದವು.

"ಮುಂಜಾನಿಯಿಂದ ಬಾಯಿಗೆ ಏನೂ ಹಾಕಿಲ್ಲ ನೀನು," ಎಂದು ಲೋಟವನ್ನು ನಾಗರತ್ನಳ ತುಟಿಗೆ ಹಿಡಿದಳು. "ಕುಡಿ ಮಗಳೇ."